ಇಪ್ಪತ್ತು ಓವರಿನ ಆಟ, ನಮ್ಮ ರಾತ್ರಿ ವ್ಯಾಪಾರ

ಐವತ್ತು ಓವರಿನ ಪಂದ್ಯವೆಂದರೆ ನಮಗೆ ಹೆದರಿಕೆ ಇರಲಿಲ್ಲ. ಇಡೀ ದಿನದ ಆಟ, ನಡುವೆ ಗಿರಾಕಿಗೆ ಹಸಿವಾಗಲೇಬೇಕು. ಇಪ್ಪತ್ತು ಓವರಿನದು ಹಾಗಲ್ಲ. ಮೂರೂವರೆ ಗಂಟೆಯ ಈ ಆಟ ಸರಿಯಾಗಿ ರಾತ್ರಿ ಊಟದ ಹೊತ್ತಿನ ಮೇಲೆ ಬಂದು ಕೂರುತ್ತದೆ.

2007ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೊದಲ ಟಿ20 ವಿಶ್ವಕಪ್ ನಡೆದಾಗ ನಾವು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದೇ ವರ್ಷ ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಸೋತು ಬಂದಿತ್ತು. ಈ ಬಾರಿ ದ್ರಾವಿಡ್, ತೆಂಡುಲ್ಕರ್, ಗಂಗೂಲಿ ಮೂವರೂ ಇರಲಿಲ್ಲ. ಡರ್ಬನ್ನಿನಲ್ಲಿ ಪಾಕಿಸ್ತಾನದೊಡನೆ ಪಂದ್ಯ ಸಮವಾಗಿ, ಖಾಲಿ ವಿಕೆಟಿಗೆ ಚೆಂಡೆಸೆಯುವ 'ಬೌಲ್ ಔಟ್' ನಡೆಯಿತು. ಸೆಹ್ವಾಗ್, ಹರ್ಭಜನ್ ಆದ ಮೇಲೆ ಗುರಿ ಮುಟ್ಟಿಸಿದವರು ನಮ್ಮ ಕೊಡಗಿನ ರಾಬಿನ್ ಉತ್ತಪ್ಪ. ಹೋಟೆಲಿನವರಿಗೆ ಈ ಹೆಸರು ಮರೆಯುವುದುಂಟೆ? ನಮ್ಮ ಮಾಣಿಗಳು ಒಳಗೆ ಆರ್ಡರ್ ಕೂಗುವಾಗ 'ಎರಡು ರಾಬಿನ್' ಎನ್ನತೊಡಗಿದ್ದರು.

ಫೈನಲ್ ಸೆಪ್ಟೆಂಬರ್ 24ಕ್ಕೆ. ಮರುದಿನವೇ ಮುಂಬಯಿಯಲ್ಲಿ ಅನಂತ ಚತುರ್ದಶಿ, ಗಣಪತಿ ವಿಸರ್ಜನೆ. ಆ ಜನಸಂದಣಿಗೆಂದು ಇಮ್ಮಡಿ ಹಿಟ್ಟು ರುಬ್ಬಿಸಿಟ್ಟಿದ್ದೆವು. ಸಂಜೆಯಿಡೀ ಟೇಬಲುಗಳು ಖಾಲಿ. ಕೊನೆಯ ಓವರಿನಲ್ಲಿ ಪಾಕಿಸ್ತಾನಕ್ಕೆ 13 ರನ್ ಬೇಕಿತ್ತು. ಜೋಗಿಂದರ್ ಶರ್ಮಾ ಎಸೆತಕ್ಕೆ ಮಿಸ್ಬಾ ಎತ್ತಿದ ಚೆಂಡು ಶ್ರೀಶಾಂತ್ ಕೈಗೆ ಬಿತ್ತು, ಭಾರತಕ್ಕೆ 5 ರನ್ನುಗಳ ಗೆಲುವು. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ನಮ್ಮ ಬಾಗಿಲಿಗೆ ಬಂತು. ವಿಸರ್ಜನೆಯ ಹಿಟ್ಟು ಆ ರಾತ್ರಿಯೇ ಮುಗಿದು, ಗ್ರೈಂಡರ್ ಬೆಳಗಿನ ಜಾವದವರೆಗೆ ತಿರುಗಿತು.

ಆ ಲಾಭದ ಆಸೆಯಿಂದಲೇ ನಾವು ಹಾಲಿನಲ್ಲಿ ಟಿವಿ ಹಾಕಿಸಿದೆವು. ಅದು ತಪ್ಪು ಲೆಕ್ಕ. ನಮ್ಮದು ಅಗ್ಗದ ತಟ್ಟೆಯ ವ್ಯಾಪಾರ, ಸೀಟು ತಿರುಗಿದರೆ ಮಾತ್ರ ಗಲ್ಲಾ ತುಂಬುತ್ತದೆ. ಒಂದು ಕಾಫಿಗೆ ನಾಲ್ವರು ಮೂರು ಗಂಟೆ ಕೂತರೆ ಗ್ಯಾಸಿನ ಖರ್ಚೂ ಹುಟ್ಟುವುದಿಲ್ಲ. ಏಳಿ ಎನ್ನಲು ಬಾಯಿ ಬರುವುದಿಲ್ಲ, ಎಲ್ಲರೂ ದಿನಾ ಬರುವವರೇ. ಕೊನೆಗೆ ಟಿವಿ ತೆಗೆಸಿದೆವು.

2024ರ ಫೈನಲ್ ಇನ್ನೂ ಕಷ್ಟದ್ದು. ಬಾರ್ಬಡೋಸಿನಲ್ಲಿ ಬೆಳಿಗ್ಗೆ ಹತ್ತೂವರೆ ಎಂದರೆ ನಮಗೆ ರಾತ್ರಿ ಎಂಟು. ಜೂನ್ 29, ಅದೂ ಶನಿವಾರ, ವಾರದಲ್ಲೇ ಒಳ್ಳೆಯ ವ್ಯಾಪಾರದ ರಾತ್ರಿ. ಪಾರ್ಸೆಲ್ ಎಂಟರೊಳಗೇ ಮುಗಿಯಿತು, ಆಮೇಲೆ ನೊಣ ಹೊಡೆಯುವುದೊಂದೇ ಕೆಲಸ. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಬೇಕಿದ್ದಾಗ ಒಳಗಿನಿಂದ ದೋಸೆ ಸೀದ ವಾಸನೆ. ಹೋಗಿ ನೋಡಿದರೆ ಭಟ್ಟರಿಂದ ಹಿಡಿದು ಕ್ಲೀನರ್ ಹುಡುಗನವರೆಗೆ ಎಲ್ಲರೂ ಒಂದೇ ಮೊಬೈಲಿನ ಸುತ್ತ. ಬೈಯಲು ಹೋದವರು ನಾವೂ ಅಲ್ಲೇ ನಿಂತೆವು. ಬೌಂಡರಿ ಗೆರೆಯಲ್ಲಿ ಸೂರ್ಯಕುಮಾರ್ ಆ ಕ್ಯಾಚ್ ಹಿಡಿದಾಗ ಭಟ್ಟರ ಕೈಯ ಸಟ್ಟುಗ ಛಾವಣಿಗೆ ಬಡಿಯಿತು. 7 ರನ್ನುಗಳ ಗೆಲುವು. ಹದಿನೇಳು ವರ್ಷದ ಹಿಂದೆ ಅದೇ ವೆಸ್ಟ್ ಇಂಡೀಸಿನಲ್ಲಿ ತಲೆ ತಗ್ಗಿಸಿದ್ದ ದ್ರಾವಿಡ್ ಈಗ ಕೋಚ್ ಆಗಿ ಕಪ್ ಎತ್ತಿ ಕೂಗಿದರು.

ಅಂದಿನಿಂದ ಫೈನಲ್ ರಾತ್ರಿ ಹಿಟ್ಟು ಅರ್ಧ, ಹುಡುಗರ ಊಟ ಎಂಟರ ಮೊದಲೇ. ಟಿವಿ ಅವರ ರೂಮಿನಲ್ಲಿ, ಪಾಳಿಯಲ್ಲಿ ನೋಡಲಿ.

ಜುಲೈ 4ರಂದು ಮರೀನ್ ಡ್ರೈವಿನಲ್ಲಿ ತಂಡದ ಮೆರವಣಿಗೆ. ಚರ್ಚ್‌ಗೇಟ್ ಕಡೆಯ ನಮ್ಮ ಮಿತ್ರರೊಬ್ಬರು ಜನಸಾಗರ ಕಂಡು ಅರ್ಧ ಶಟರ್ ಎಳೆದು, ಚಹಾ ಮತ್ತು ವಡೆ ಮಾತ್ರ ಕೊಟ್ಟರು. ರಾತ್ರಿ ವಡೆಯೂ ಮುಗಿದು, ಚಪ್ಪಲಿ ಕಳಕೊಂಡು ಬರಿಗಾಲಲ್ಲಿ ಬಂದ ಹುಡುಗರಿಗೆ ಬರೇ ನೀರು ಕೊಟ್ಟು ಕೂರಿಸಿದರಂತೆ. ಅದಕ್ಕೆ ಬಿಲ್ ಮಾಡಲಿಲ್ಲ.