ವಿಂಚ್: ಎಳೆಯುವ ಮುನ್ನ ಮಾಡಬೇಕಾದ ಲೆಕ್ಕ

ಮೋಟಾರಿನಿಂದ ತಿರುಗುವ ಡ್ರಮ್, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ತುದಿಗೊಂದು ಕೊಕ್ಕೆ: ವಿಂಚ್ ಎಂದರೆ ಇಷ್ಟೇ. ಕೊಕ್ಕೆಯನ್ನು ಅಲುಗದ ಆಸರೆಗೆ ಸಿಕ್ಕಿಸಿ ಡ್ರಮ್ ತಿರುಗಿಸಿದರೆ, ಹೂತುಹೋದ ವಾಹನ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ಜೀಪಿಗೂ ನೆಲದ ಹಿಡಿತ ಬೇಕೇ ಬೇಕು. ಹಿಡಿತ ತಪ್ಪಿದಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ನೆಲದ ಹಿಡಿತವನ್ನು ನೆಚ್ಚದೆ ಕೆಲಸ ಮಾಡುವುದೇ ವಿಂಚಿನ ವಿಶೇಷ.

ಇದರ ಉಪಯೋಗ ಮತ್ತು ಅಪಾಯ ಎರಡನ್ನೂ ಅರಿಯಲು ವಾರಾಣಸಿಯ ಸುತ್ತಲಿನ ನೆಲ ಒಳ್ಳೆಯ ಉದಾಹರಣೆ. ಇಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಘಾಟ್‌ಗಳಿರುವ ಪಶ್ಚಿಮದ ದಡ ಎತ್ತರ. ಎದುರಿನ ಪೂರ್ವದ ದಡ ತಗ್ಗು. ಮಳೆಗಾಲ ಮುಗಿದು ನೀರು ಸರಿದ ಮೇಲೆ ಆ ದಡದುದ್ದಕ್ಕೂ ಮರಳಿನ ಹಾಸು ತೆರೆದುಕೊಳ್ಳುತ್ತದೆ. ನಗರದಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್, 1978ರ ನೆರೆಯಲ್ಲಿ ನೀರು 73.901 ಮೀಟರಿಗೆ ಏರಿತ್ತು. ನೆರೆ ಇಳಿದಾಗಲೆಲ್ಲ ಘಾಟ್‌ಗಳ ಮೆಟ್ಟಿಲಿನ ಮೇಲೂ ದಡದ ತಗ್ಗುಗಳಲ್ಲೂ ಜಿಗುಟಾದ ಮೆಕ್ಕಲು ಉಳಿಯುತ್ತದೆ. ದಕ್ಷಿಣಕ್ಕೆ ಮಿರ್ಜಾಪುರ, ಚಂದೌಲಿ, ಸೋನಭದ್ರಗಳ ಕಡೆ ವಿಂಧ್ಯದ ಕಲ್ಲುನೆಲ. ಒಣ ಮರಳು, ಒದ್ದೆ ಮೆಕ್ಕಲು, ಚೂಪು ಕಲ್ಲು ಈ ಮೂರೂ ವಿಂಚನ್ನು ಬೇರೆ ಬೇರೆ ಬಗೆಯಲ್ಲಿ ಪರೀಕ್ಷಿಸುತ್ತವೆ. ಮಲೆನಾಡು, ಕೊಡಗುಗಳ ಮಳೆಗಾಲದ ಕೆಸರುದಾರಿಗಳಲ್ಲಿ ಜೀಪು ಓಡಿಸುವವರಿಗೂ ಇದೇ ಪಾಠ ಅನ್ವಯಿಸುತ್ತದೆ.

ಒಳಗಿನ ರಚನೆ

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ವಾಹನದ ಬ್ಯಾಟರಿಯಿಂದಲೇ ನಡೆಯುವ 12 ವೋಲ್ಟಿನ ವಿಂಚ್. ಅದರಲ್ಲಿ ಒಂದು ಬದಿಗೆ ಮೋಟಾರು, ನಡುವೆ ಡ್ರಮ್, ಇನ್ನೊಂದು ಬದಿಗೆ ಗಿಯರ್ ಪೆಟ್ಟಿಗೆ ಇರುತ್ತವೆ. ಮೋಟಾರಿನ ವೇಗದ ಸುತ್ತನ್ನು ಗಿಯರುಗಳು ನಿಧಾನಗೊಳಿಸಿ ಬಲವನ್ನು ಹೆಚ್ಚಿಸುತ್ತವೆ. ಮೋಟಾರು ನಿಂತಾಗ ಹಗ್ಗ ಹಿಂದಕ್ಕೆ ಜಾರದಂತೆ ಬ್ರೇಕು ಹಿಡಿಯುತ್ತದೆ. ಹಗ್ಗವನ್ನು ಕೈಯಿಂದಲೇ ಹೊರಗೆಳೆಯುವಾಗ ಡ್ರಮ್ಮನ್ನು ಗಿಯರಿನಿಂದ ಬಿಡಿಸಲು ಕ್ಲಚ್ ಹಿಡಿಕೆ ಇದೆ.

ಬ್ರೇಕು ಒಂದೇ ದಿಕ್ಕಿನ ಎಳೆತವನ್ನು ತಡೆಯುವಂತೆ ರಚಿತವಾಗಿರುತ್ತದೆ. ಆದ್ದರಿಂದ ತಯಾರಕರು ತೋರಿಸಿದ ದಿಕ್ಕಿನಲ್ಲೇ ಹಗ್ಗವನ್ನು ಡ್ರಮ್ಮಿಗೆ ಸುತ್ತಬೇಕು. ತಿರುಗುಮುರುಗಾಗಿ ಸುತ್ತಿದರೂ ವಿಂಚ್ ಎಳೆಯಬಹುದು, ಆದರೆ ಭಾರವನ್ನು ತಡೆದು ನಿಲ್ಲಿಸಲಾರದು.

ಎಷ್ಟು ಶಕ್ತಿಯ ವಿಂಚ್ ಬೇಕು

ವಿಂಚಿನ ಸಾಮರ್ಥ್ಯವನ್ನು ಸಾಮಾನ್ಯವಾಗಿ ಪೌಂಡುಗಳಲ್ಲಿ ಬರೆದಿರುತ್ತಾರೆ. 8,000 ಪೌಂಡ್ ಎಂದರೆ ಸುಮಾರು 3,630 ಕೆ.ಜಿ., 9,500 ಪೌಂಡ್ ಎಂದರೆ ಸುಮಾರು 4,310 ಕೆ.ಜಿ. ಪೂರ್ಣ ಹೊರೆ ಸೇರಿದ ವಾಹನದ ತೂಕದ ಕನಿಷ್ಠ ಒಂದೂವರೆ ಪಟ್ಟು ಸಾಮರ್ಥ್ಯವಿರಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಪೂರ್ಣ ಹೊರೆಯೊಂದಿಗೆ 1,545 ಕೆ.ಜಿ. ತೂಗುವ ಮಾರುತಿ ಜಿಮ್ನಿಗೆ ಸುಮಾರು 2,320 ಕೆ.ಜಿ. ಎಳೆತ ಬೇಕು, 6,000 ಪೌಂಡಿನ ವಿಂಚ್ ಸಾಕು. 2,400 ಕೆ.ಜಿ. ತೂಗುವ ವಾಹನಕ್ಕೆ 3,600 ಕೆ.ಜಿ. ಬೇಕು, ಅದಕ್ಕೆ 8,000 ಪೌಂಡಿನದು ಸರಿಹೊಂದುತ್ತದೆ.

ಆದರೆ ವಿಂಚಿನ ಮೇಲೆ ಬರೆದ ಅಂಕಿ ದೊರೆಯುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಾಗ. ಮೇಲೆ ಪದರ ಏರಿದಂತೆ ಡ್ರಮ್ಮಿನ ಸುತ್ತಳತೆ ಹೆಚ್ಚಿ, ಎಳೆತದ ಬಲ ಕುಗ್ಗುತ್ತದೆ. ನಾಲ್ಕನೆಯ ಪದರದಲ್ಲಿ ಅದು ಮೂರನೇ ಎರಡು ಭಾಗದ ಹತ್ತಿರಕ್ಕೆ ಇಳಿಯುತ್ತದೆ. 3,630 ಕೆ.ಜಿ.ಯ ವಿಂಚ್ ಆಗ ಎಳೆಯುವುದು ಸುಮಾರು 2,400 ಕೆ.ಜಿ. ಮಾತ್ರ. ಹಗ್ಗವನ್ನು ಸಾಧ್ಯವಾದಷ್ಟು ಬಿಚ್ಚಿ, ದೂರದ ಆಸರೆಗೆ ಕಟ್ಟಬೇಕು ಎನ್ನುವುದು ಇದೇ ಕಾರಣಕ್ಕೆ. ಹಾಗೆಂದು ಪೂರ್ತಿ ಬಿಚ್ಚುವಂತಿಲ್ಲ. ಉಕ್ಕಿನ ಹಗ್ಗವಾದರೆ ಕನಿಷ್ಠ ಐದು ಸುತ್ತು, ನಯವಾಗಿ ಜಾರುವ ಕೃತಕ ನೂಲಿನದಾದರೆ ಹತ್ತು ಸುತ್ತು ಡ್ರಮ್ಮಿನ ಮೇಲೆ ಉಳಿದಿರಬೇಕು. ಎಳೆತವನ್ನು ತಡೆಯುವುದು ಆ ಸುತ್ತುಗಳ ಬಿಗಿತವೇ ಹೊರತು ಹಗ್ಗದ ತುದಿಯನ್ನು ಡ್ರಮ್ಮಿಗೆ ಬಂಧಿಸಿದ ಚಿಕ್ಕ ಸ್ಕ್ರೂ ಅಲ್ಲ.

ಉಕ್ಕೋ, ಕೃತಕ ನೂಲೋ

ಉಕ್ಕಿನ ಹಗ್ಗ ಕಲ್ಲಿನ ಉಜ್ಜುವಿಕೆಯನ್ನೂ ಬಿಸಿಲನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಭಾರ ಹೆಚ್ಚು, ತುಕ್ಕು ಹಿಡಿಯುತ್ತದೆ, ಹರಿದ ಎಳೆಗಳು ಸೂಜಿಯಂತೆ ಅಂಗೈಗೆ ಚುಚ್ಚುತ್ತವೆ. ಎಳೆತದಲ್ಲಿರುವಾಗ ತುಂಡಾದರೆ, ಹಿಗ್ಗಿದ್ದ ಉಕ್ಕು ಒಳಗೆ ತುಂಬಿಕೊಂಡಿದ್ದ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ತುದಿ ಚಾಟಿಯಂತೆ ಹಿಂದಕ್ಕೆ ಅಪ್ಪಳಿಸುತ್ತದೆ. ಮನುಷ್ಯನ ಪ್ರಾಣ ತೆಗೆಯಲು ಅಷ್ಟು ಸಾಕು.

ಡೈನೀಮಾದಂಥ ಕೃತಕ ನೂಲಿನ ಹಗ್ಗ ಹಗುರ, ಕೈಗೆ ಮೃದು, ನೀರಿನಲ್ಲಿ ತೇಲುತ್ತದೆ. ತುಂಡಾದರೂ ಉಕ್ಕಿನಷ್ಟು ರಭಸದಿಂದ ಬಡಿಯುವುದಿಲ್ಲ. ಆದರೆ ಅದರ ತುದಿಗೆ ಕಟ್ಟಿದ ಕೊಕ್ಕೆ, ಅಡ್ಡಪಿನ್ನಿನಿಂದ ಮುಚ್ಚುವ ಉಕ್ಕಿನ ಕೊಂಡಿಯಾದ ಶ್ಯಾಕಲ್‌ಗಳು ಗುಂಡಿನಂತೆ ಹಾರಬಲ್ಲವಾದ್ದರಿಂದ ಎಚ್ಚರ ಕಡಿಮೆಯಾಗಬಾರದು. ಈ ನೂಲಿಗೆ ಮೂರು ಶತ್ರುಗಳು: ಬಿಸಿಲು, ಶಾಖ, ಮರಳು. ವಾರಾಣಸಿಯ ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ದಿನಗಳಿವೆ. ಹಗ್ಗಕ್ಕೆ ಹೊದಿಕೆ ಬೇಕೇ ಬೇಕು. ಸುಮಾರು 150 ಡಿಗ್ರಿಯಲ್ಲಿ ನೂಲು ಕರಗುತ್ತದೆ. ಬ್ರೇಕು ಡ್ರಮ್ಮಿನೊಳಗೇ ಇರುವ ವಿಂಚುಗಳಲ್ಲಿ, ವಾಹನವನ್ನು ಇಳಿಜಾರಿನಲ್ಲಿ ಬಹಳ ಹೊತ್ತು ಇಳಿಬಿಟ್ಟರೆ ಹಗ್ಗ ಬೆಂದುಹೋಗುವ ಭಯವಿದೆ. ಗಂಗೆಯ ದಡದ ಸಣ್ಣ ಮರಳು ಎಳೆಗಳ ನಡುವೆ ಸೇರಿಕೊಂಡು ಒಳಗಿನಿಂದಲೇ ಕೊಯ್ಯುತ್ತದೆ.

ಹಗ್ಗ ಹೊರಬರುವ ಬಾಯಿಗೆ ಕೂರಿಸುವ ಫೇರ್‌ಲೀಡ್ ಹಗ್ಗಕ್ಕೆ ಹೊಂದುವಂಥದ್ದಾಗಿರಬೇಕು. ಉಕ್ಕಿಗೆ ರೋಲರುಗಳಿರುವುದು, ನೂಲಿಗೆ ನುಣುಪಾದ ಅಲ್ಯೂಮಿನಿಯಂ ಬಾಯಿಯದು. ಉಕ್ಕಿನ ಹಗ್ಗ ಓಡಾಡಿ ಗೀರುಬಿದ್ದ ಬಾಯಿಗೆ ನೂಲಿನ ಹಗ್ಗ ಹಾಕಿದರೆ ಅದು ಬೇಗನೆ ಹರಿಯುತ್ತದೆ.

ಅಳವಡಿಕೆ

ವಿಂಚಿನ ಎಳೆತವನ್ನು ಹೊರಬೇಕಾದುದು ವಾಹನದ ಚಾಸಿ. ಬಂಪರಿನ ತೆಳು ತಗಡಿಗೋ ಪ್ಲಾಸ್ಟಿಕ್ಕಿಗೋ ವಿಂಚ್ ಬಿಗಿದರೆ ಮೊದಲ ದೊಡ್ಡ ಎಳೆತಕ್ಕೇ ಕಿತ್ತು ಬರುತ್ತದೆ. ಆಯಾ ವಾಹನಕ್ಕೆಂದೇ ತಯಾರಾದ ದಪ್ಪ ಉಕ್ಕಿನ ವಿಂಚ್ ಪ್ಲೇಟನ್ನು ಚಾಸಿಯ ಎರಡೂ ತೊಲೆಗಳಿಗೆ ಬೋಲ್ಟ್ ಮಾಡಿ, ಅದರ ಮೇಲೆ ವಿಂಚ್ ಕೂರಿಸುವುದು ಸರಿಯಾದ ಕ್ರಮ. ವಿಂಚಿನ ಜೊತೆ ಬಂದ ಬೋಲ್ಟುಗಳನ್ನೇ ಬಳಸಿ, ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ವಿಂಚ್, ಪ್ಲೇಟು, ಹಗ್ಗ ಸೇರಿ ಮುಂಭಾಗದ ತೂಕ ಹೆಚ್ಚುವುದರಿಂದ ಮುಂದಿನ ಸ್ಪ್ರಿಂಗುಗಳು ಕುಗ್ಗುತ್ತವೆಯೇ, ರೇಡಿಯೇಟರಿಗೆ ಗಾಳಿ ತಪ್ಪುತ್ತದೆಯೇ, ಏರ್‌ಬ್ಯಾಗಿನ ಸೆನ್ಸರುಗಳಿಗೆ ಅಡ್ಡಿಯಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ವಿದ್ಯುತ್ ಸಂಪರ್ಕ ಇದರಷ್ಟೇ ಮುಖ್ಯ. ಪೂರ್ಣ ಎಳೆತದಲ್ಲಿ ವಿಂಚ್ 400 ಆಂಪಿಯರಿನ ಸುತ್ತಮುತ್ತ ವಿದ್ಯುತ್ ಹೀರುತ್ತದೆ. ವಾಹನದ ಆಲ್ಟರ್ನೇಟರ್ ಕೊಡುವುದು ಸಾಮಾನ್ಯವಾಗಿ ನೂರು ಆಂಪಿಯರಿನ ಆಸುಪಾಸು. ಉಳಿದುದೆಲ್ಲ ಬ್ಯಾಟರಿಯಿಂದ ಬರಬೇಕು. ಆದ್ದರಿಂದ ಬ್ಯಾಟರಿ ಗಟ್ಟಿಯಾಗಿರಬೇಕು, ವಿಂಚ್ ನಡೆಯುವಷ್ಟು ಹೊತ್ತೂ ಎಂಜಿನ್ ಓಡುತ್ತಿರಬೇಕು. ಜೋಡಣೆಗೆ ಮೊದಲು ಬ್ಯಾಟರಿಯ ಸಂಪರ್ಕ ಕಳಚಿ, ವಿಂಚಿನ ಜೊತೆ ಬಂದ ದಪ್ಪ ತಾಮ್ರದ ಕೇಬಲ್ಲುಗಳನ್ನು ನೇರವಾಗಿ ಬ್ಯಾಟರಿಗೇ ಒಯ್ಯಬೇಕು. ತೆಳು ತಂತಿ ಸೇರಿಸಿ ಉದ್ದ ಮಾಡಿದರೆ ಅದು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಕೇಬಲ್ಲು ಫ್ಯಾನ್, ಸೈಲೆನ್ಸರ್ ಪೈಪು, ಚೂಪು ಅಂಚುಗಳಿಂದ ದೂರವಿರಬೇಕು. ಪಾಸಿಟಿವ್ ಕೇಬಲ್ಲಿನಲ್ಲಿ ಕೈಗೆಟುಕುವ ಕಡೆ ಒಂದು ಐಸೊಲೇಟರ್ ಸ್ವಿಚ್ ಹಾಕಿದರೆ ವಿಂಚ್ ಬೇಡವಾದಾಗ ವಿದ್ಯುತ್ ಪೂರ್ತಿ ಕಡಿಯಬಹುದು. ವಿಂಚನ್ನು ನಡೆಸುವ ಸ್ವಿಚ್ ಅಂಟಿಕೊಂಡು ಡ್ರಮ್ ನಿಲ್ಲದೆ ತಿರುಗಿದರೆ ಪ್ರಾಣ ಉಳಿಸುವುದೂ ಈ ಐಸೊಲೇಟರೇ.

ಕಾನೂನಿನ ಮಿತಿಯನ್ನೂ ತಿಳಿದಿರಬೇಕು. ವಾಹನದ ಮೂಲ ರಚನೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಪಾದಚಾರಿಗಳಿಗೂ ವಾಹನದೊಳಗಿನವರಿಗೂ ಅಪಾಯವೆಂಬ ಕಾರಣಕ್ಕೆ ಬಂಪರಿನ ಮುಂದೆ ಬಿಗಿಯುವ ಲೋಹದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು. ಹೀಗಾಗಿ ವಿಂಚ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯ ಸಂಸ್ಥೆಗೂ ತಿಳಿಸುವುದು ಒಳ್ಳೆಯದು.

ಎಳೆತದ ಲೆಕ್ಕ

ಹೂತ ವಾಹನವನ್ನು ಬಿಡಿಸಲು ಎಷ್ಟು ಬಲ ಬೇಕೆಂಬುದಕ್ಕೆ ಸೇನೆಗಳಲ್ಲಿ ಬಳಕೆಯಲ್ಲಿರುವ ಸರಳ ಸೂತ್ರಗಳಿವೆ. ಸಡಿಲವಾದ ಒಣ ಮರಳಿನಲ್ಲಿ ವಾಹನದ ತೂಕದ ಕಾಲು ಭಾಗ, ತೆಳು ಕೆಸರಿನಲ್ಲಿ ಮೂರನೇ ಒಂದು ಭಾಗ. ಚಕ್ರದ ನಡುವಿನವರೆಗೆ ಹುದುಲಿನಲ್ಲಿ ಹೂತಿದ್ದರೆ ತೂಕದಷ್ಟೇ ಬಲ. ಮಡ್‌ಗಾರ್ಡಿನವರೆಗೆ ಮುಳುಗಿದ್ದರೆ ಅದರ ಎರಡು ಪಟ್ಟು. ಏರುದಾರಿಯಾದರೆ ಪ್ರತಿ ಡಿಗ್ರಿಗೆ ತೂಕದ ಅರವತ್ತನೇ ಒಂದು ಭಾಗ ಸೇರಿಸಬೇಕು.

2,400 ಕೆ.ಜಿ. ವಾಹನ ಒಣ ಮರಳಿನಲ್ಲಿ ಸಿಕ್ಕಿದ್ದರೆ 600 ಕೆ.ಜಿ. ಎಳೆತ ಸಾಕು. ಅದೇ ವಾಹನ ನೆರೆಯ ಮೆಕ್ಕಲಿನಲ್ಲಿ ಚಕ್ರದ ನಡುವಿನವರೆಗೆ ಹೂತು, ಎದುರಿಗೆ 15 ಡಿಗ್ರಿಯ ಏರು ಇದ್ದರೆ 2,400ಕ್ಕೆ 600 ಸೇರಿ 3,000 ಕೆ.ಜಿ. ಬೇಕು. 8,000 ಪೌಂಡಿನ ವಿಂಚ್ ಮೊದಲ ಪದರದಲ್ಲಿ ಇದನ್ನು ಎಳೆಯುತ್ತದೆ, ನಾಲ್ಕನೆಯ ಪದರದಲ್ಲಿ ಎಳೆಯಲಾರದು. ಈ ಲೆಕ್ಕ ಹಾಕದೆ ಗುಂಡಿ ಒತ್ತಿದರೆ ಮೋಟಾರು ಸುಡಬಹುದು, ಇಲ್ಲವೇ ಹಗ್ಗ ಹರಿಯಬಹುದು.

ಬಲದ ಅಗತ್ಯವನ್ನು ತಗ್ಗಿಸುವ ಅಗ್ಗದ ಸಾಧನ ಸಲಿಕೆ. ಚಕ್ರಗಳ ಮುಂದಿನ ಮರಳು, ಕೆಸರು ತೆಗೆದು ಇಳಿಜಾರಾಗಿ ದಾರಿ ಮಾಡಿದರೆ ಎಳೆತ ಬಹಳಷ್ಟು ಹಗುರವಾಗುತ್ತದೆ. ಮರಳಿನಲ್ಲಿ ಟಯರಿನ ಗಾಳಿಯನ್ನು 15ರಿಂದ 18 ಪಿಎಸ್‌ಐಗೆ ಇಳಿಸಿದರೆ ಎಷ್ಟೋ ಸಲ ವಿಂಚೇ ಬೇಕಾಗುವುದಿಲ್ಲ.

ಇನ್ನೊಂದು ಸಾಧನ ಸ್ನ್ಯಾಚ್ ಬ್ಲಾಕ್, ಅಂದರೆ ಪಕ್ಕ ತೆರೆದು ಹಗ್ಗ ತೂರಿಸಬಹುದಾದ ರಾಟೆ. ಆಸರೆಗೆ ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ವಾಹನದ ಎಳೆಕೊಂಡಿಗೇ ಮರಳಿ ತಂದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಆದರೆ ಆಸರೆಯ ಮೇಲೂ ಎರಡು ಎಳೆಗಳ ಬಲ ಬೀಳುವುದರಿಂದ ರಾಟೆ, ಶ್ಯಾಕಲ್, ಆಸರೆ ಮೂರೂ ಅಷ್ಟು ಗಟ್ಟಿಯಾಗಿರಬೇಕು.

ಆಸರೆ ಎಲ್ಲಿ

ಗಟ್ಟಿಮುಟ್ಟಾದ ಮರವಿದ್ದರೆ ಅದರ ಬುಡಕ್ಕೆ, ನೆಲಕ್ಕೆ ಆದಷ್ಟು ಹತ್ತಿರ, ಅಗಲವಾದ ಪಟ್ಟಿ ಸುತ್ತಿ ಶ್ಯಾಕಲ್ ಹಾಕಬೇಕು. ಬರೀ ಹಗ್ಗ ಸುತ್ತಿದರೆ ತೊಗಟೆ ಸೀಳಿ ಮರ ಸಾಯುತ್ತದೆ, ಹಗ್ಗವೂ ಕೆಡುತ್ತದೆ. ಹಗ್ಗವನ್ನು ಮರಕ್ಕೆ ಸುತ್ತಿ ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಕೂಡದು.

ಗಂಗೆಯಾಚೆಯ ಮರಳಿನಲ್ಲಿ ಮರವೆಲ್ಲಿಂದ ಬರಬೇಕು? ಅಲ್ಲಿ ಗಟ್ಟಿನೆಲದಲ್ಲಿ ನಿಂತ ಇನ್ನೊಂದು ವಾಹನವೇ ಉತ್ತಮ ಆಸರೆ. ಅದರ ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಅದೂ ಇಲ್ಲದಿದ್ದರೆ ಸ್ಟೆಪ್ನಿ ಟಯರಿಗೆ ಪಟ್ಟಿ ಬಿಗಿದು, ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಎಳೆತದ ದಿಕ್ಕಿಗೆ ಅಡ್ಡಲಾಗಿ ನಿಲ್ಲಿಸಿ ಹೂಳಬೇಕು. ಪಟ್ಟಿ ಹೊರಬರುವಲ್ಲಿ ಓರೆಯಾಗಿ ಕಾಲುವೆ ಕಡಿಯದಿದ್ದರೆ ಎಳೆತ ಮೇಲ್ಮುಖವಾಗಿ ಟಯರು ಕಿತ್ತು ಬರುತ್ತದೆ. ಘಾಟ್‌ಗಳ ಬಳಿ ಕಲ್ಲಿನ ಛತ್ರಿ, ದೋಣಿ ಕಟ್ಟುವ ಕಬ್ಬಿಣದ ಬಳೆ, ವಿದ್ಯುತ್ ಕಂಬಗಳಿಗೆ ಹಗ್ಗ ಕಟ್ಟಲೇಬಾರದು. ಟನ್ನುಗಟ್ಟಲೆ ಎಳೆತಕ್ಕಾಗಿ ಅವನ್ನು ಮಾಡಿಲ್ಲ. ಹಳೆಯ ಕಲ್ಲುಕೆಲಸ ಒಮ್ಮೆ ಕಿತ್ತರೆ ಮತ್ತೆ ಬಾರದು.

ಎಳೆಯುವ ಕ್ರಮ

ಒಬ್ಬರು ಮಾತ್ರ ಸೂಚನೆ ಕೊಡಬೇಕು, ಒಬ್ಬರು ಮಾತ್ರ ವಿಂಚಿನ ರಿಮೋಟ್ ಹಿಡಿಯಬೇಕು. ಉಳಿದವರೆಲ್ಲ ಬಿಚ್ಚಿದ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು. ಜನಸಂದಣಿಯ ವಾರಾಣಸಿಯಲ್ಲಿ ಅತಿ ಕಷ್ಟದ, ಅತಿ ಅಗತ್ಯದ ನಿಯಮವಿದು: ನೋಡಲು ನೆರೆದವರು ಹಿಂದೆ ಸರಿಯುವವರೆಗೆ ಗುಂಡಿ ಒತ್ತಬಾರದು.

ಚರ್ಮದ ಕೈಗವಸು ತೊಟ್ಟು, ಕ್ಲಚ್ ಬಿಡಿಸಿ ಹಗ್ಗ ಎಳೆಯಬೇಕು. ಕೊಕ್ಕೆಯನ್ನು ಅದಕ್ಕೆ ಕಟ್ಟಿದ ಪಟ್ಟಿಯಿಂದ ಹಿಡಿಯಬೇಕು, ಬೆರಳು ತೂರಿಸಬಾರದು. ಆಸರೆಗೆ ಸಿಕ್ಕಿಸುವಾಗ ಕೊಕ್ಕೆಯ ಬಾಯಿ ಮೇಲ್ಮುಖವಾಗಿದ್ದರೆ, ತುಂಡಾದಾಗ ಅದು ನೆಲದತ್ತ ನುಗ್ಗುತ್ತದೆ. ಕ್ಲಚ್ ಪೂರ್ತಿ ಕೂಡಿದೆಯೇ ನೋಡಿ, ನಿಧಾನವಾಗಿ ಸಡಿಲ ತೆಗೆದು, ಹಗ್ಗ ಬಿಗಿಯಾದೊಡನೆ ನಿಲ್ಲಿಸಿ ಕೊಂಡಿಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕು. ಹಗ್ಗದ ನಡುವೆ ಭಾರವಾದ ಕಂಬಳಿಯನ್ನೋ ಒದ್ದೆ ಗೋಣಿಚೀಲವನ್ನೋ ಹೊದಿಸಿದರೆ ಅದು ತುಂಡಾದಾಗಿನ ರಭಸ ತಗ್ಗುತ್ತದೆ. ಬಾನೆಟ್ ಎತ್ತಿಟ್ಟರೆ ಗಾಜಿಗೆ ರಕ್ಷಣೆ.

ಎಳೆತ ಶುರುವಾದ ಮೇಲೆ ಹಗ್ಗವನ್ನು ದಾಟುವುದು, ಮುಟ್ಟುವುದು ನಿಷಿದ್ಧ. ಹಿಗ್ಗುವ ಬಗೆಯ ಎಳೆಪಟ್ಟಿಯನ್ನು ವಿಂಚಿನೊಂದಿಗೆ ಜೋಡಿಸುವುದೂ, ವಿಂಚಿನಿಂದ ಮನುಷ್ಯರನ್ನು ಎತ್ತುವುದೂ ಸಲ್ಲದು. ಒಂದು ನಿಮಿಷದೊಳಗಿನ ಎಳೆತ, ನಡುನಡುವೆ ವಿರಾಮ: ಹೀಗೆ ಸಾಗಿದರೆ ಮೋಟಾರೂ ಬ್ಯಾಟರಿಯೂ ತಣಿಯುತ್ತವೆ. ಹಗ್ಗ ಡ್ರಮ್ಮಿನ ಒಂದೇ ಮೂಲೆಗೆ ಗುಡ್ಡೆಯಾಗುತ್ತಿದ್ದರೆ ನಿಲ್ಲಿಸಿ ಸರಿಪಡಿಸಬೇಕು. ಚಕ್ರಗಳನ್ನು ಮೆಲ್ಲಗೆ ಉರುಳಿಸುತ್ತ ವಿಂಚಿಗೆ ನೆರವಾಗಬಹುದು. ಆದರೆ ವಾಹನ ಮುಂದೆ ಜಿಗಿದು ಹಗ್ಗ ಸಡಿಲವಾಗಿ, ಮರುಕ್ಷಣವೇ ಜಗ್ಗುವಂತಾಗಬಾರದು.

ಕೆಲಸ ಮುಗಿದ ಮೇಲೆ

ಹಗ್ಗವನ್ನು ಪೂರ್ತಿ ಬಿಚ್ಚಿ ನೋಡಬೇಕು. ಉಕ್ಕಿನದರಲ್ಲಿ ಮಡಿಕೆ, ಹರಿದ ಎಳೆ, ಚಪ್ಪಟೆಯಾದ ಭಾಗ ಕಂಡರೆ ಬದಲಿಸಬೇಕು. ನೂಲಿನದನ್ನು ಸಿಹಿನೀರಿನಲ್ಲಿ ತೊಳೆದು ಮರಳು ತೆಗೆದು ನೆರಳಲ್ಲಿ ಒಣಗಿಸಬೇಕು. ಗಡುಸಾಗಿ ಹೊಳೆಯುವ ಭಾಗ ಶಾಖ ತಗುಲಿದ ಗುರುತು. ಆಮೇಲೆ ಸಣ್ಣ ಏರಿನಲ್ಲಿ ವಾಹನದ್ದೇ ಭಾರ ಕೊಟ್ಟು ಬಿಗಿಯಾಗಿ, ಸುತ್ತಿನ ಪಕ್ಕ ಸುತ್ತು ಬರುವಂತೆ ಸುತ್ತಬೇಕು. ಸಡಿಲ ಸುತ್ತಿದ್ದರೆ ಮುಂದಿನ ಎಳೆತದಲ್ಲಿ ಮೇಲಿನ ಪದರ ಕೆಳಗಿನದರೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಹೊಸ ಹಗ್ಗವನ್ನೂ ಮೊದಲ ಬಳಕೆಗೆ ಮುನ್ನ ಹೀಗೆಯೇ ಬಿಗಿದು ಸುತ್ತಬೇಕು. ಕೇಬಲ್ಲಿನ ತುದಿಗಳ ತುಕ್ಕು, ಬೋಲ್ಟುಗಳ ಬಿಗಿತ, ಕ್ಲಚ್ಚಿನ ಚಲನೆಯನ್ನು ಮಳೆಗಾಲದ ಮೊದಲೂ ನಂತರವೂ ಪರೀಕ್ಷಿಸಿದರೆ, ಬೇಕಾದ ದಿನ ವಿಂಚ್ ಕೈಕೊಡುವುದಿಲ್ಲ.