ಬರಿಗಾಲಿನ ಓಟ, ಒಡೆದ ಹಿಮ್ಮಡಿ

ಮುಖದ ಆರೈಕೆಯ ವಿಚಾರದಲ್ಲಿ ನಮಗೆಲ್ಲರಿಗೂ ಒಂದಷ್ಟು ಪಾಂಡಿತ್ಯವಿದೆ. ಕನ್ನಡಿಯೆಂಬ ಗುರು ಪ್ರತಿದಿನವೂ ಎದುರು ನಿಂತು ಪಾಠ ಹೇಳುತ್ತಾನೆ. ಅಂಗಾಲಿಗೆ ಅಂಥ ಗುರುವಿಲ್ಲ. ದೇಹದ ಭಾರವನ್ನೆಲ್ಲ ಹೊತ್ತು, ನೆಲದ ಕಡೆಗೇ ಮುಖಮಾಡಿಕೊಂಡಿರುವ ಆ ಬಡಪಾಯಿಯನ್ನು ನಾವು ನೋಡುವುದು ಮುಳ್ಳು ಚುಚ್ಚಿದಾಗ ಮಾತ್ರ. ಇದೇನು, ಒಡೆದ ಹಿಮ್ಮಡಿಯ ಮೇಲೂ ಒಂದು ಲೇಖನವೇ ಎಂದು ನೀವು ನಗಬಹುದು. ನಗಿರಿ, ಆದರೆ ನಕ್ಕು ಮುಗಿದ ಮೇಲೆ ನಿಮ್ಮ ಮನೆಯ ಮಕ್ಕಳನ್ನು ಕರೆದು, ಅವರ ಅಂಗಾಲುಗಳನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿರಿ.

ನಾನಿರುವುದು ಉಡುಪಿಯ ಕಡಿಯಾಳಿಯಲ್ಲಿ. ಬೆಳಗಿನ ಹೊತ್ತು ಕೆಲವು ಹುಡುಗರು ಅಜ್ಜರಕಾಡಿನ ಕ್ರೀಡಾಂಗಣಕ್ಕೆ ಓಟದ ಅಭ್ಯಾಸಕ್ಕೆಂದು ಹೋಗುವುದನ್ನು ಕಾಣುತ್ತೇನೆ. ಕೆಲವರ ಕಾಲಲ್ಲಿ ಬೂಟು, ಕೆಲವರದು ಬರಿಗಾಲು. ಅವರನ್ನು ಕಂಡಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ, ನಾನು ಬೇರೊಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಒಂಬತ್ತನೆಯ ತರಗತಿಯ ಆ ಹುಡುಗ ದೂರದ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ. ಜಿಲ್ಲಾಮಟ್ಟದ ಸ್ಪರ್ಧೆಗೆ ಇನ್ನು ಒಂದು ವಾರವಿದೆ ಎನ್ನುವಾಗ ಹಿಮ್ಮಡಿಯ ಬಿರುಕನ್ನು ತಂದು ನನಗೆ ತೋರಿಸಿದ. "ಬೇಸಾಯಗಾರನ ಮಗನಿಗೆ ಇದೊಂದು ನೋವೇ?" ಎಂದು ನಾನು ಬೆನ್ನು ತಟ್ಟಿ ಕಳುಹಿಸಿಬಿಟ್ಟೆ. ಅವನು ಗುರುವಾಕ್ಯವನ್ನು ನಂಬಿ ಓಡಿದ. ನಾಲ್ಕನೆಯ ದಿನ ಕಾಲು ಬಾತು, ಜ್ವರ ಬಂದು, ಆಸ್ಪತ್ರೆ ಸೇರಬೇಕಾಯಿತು. ದೈವದಯೆಯಿಂದಲೂ ವೈದ್ಯರ ಕೈಗುಣದಿಂದಲೂ ಕಾಲು ಉಳಿಯಿತು. ಆ ವರ್ಷದ ಓಟ ಉಳಿಯಲಿಲ್ಲ. ಅಂದು ನಾನಾಡಿದ ಮಾತಿಗೆ ಪ್ರಾಯಶ್ಚಿತ್ತವೆಂದು ಈ ಬರೆಹವನ್ನು ತಿಳಿದರೂ ಸರಿಯೇ.

ನಮ್ಮ ಸೀಮೆಯಲ್ಲಿ ಬರಿಗಾಲಿನ ಓಟವೆಂದರೆ ಮೊದಲು ನೆನಪಾಗುವುದು ಕಂಬಳ. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಾಗಲಿ, ಕಾಪು ತಾಲೂಕಿನ ಕಟಪಾಡಿಯಲ್ಲಾಗಲಿ, ನೀರು ತುಂಬಿದ ಕೆಸರಿನ ಕರೆಯಲ್ಲಿ ಕೋಣಗಳ ಹಿಂದೆ ಓಡುವವನಿಗೆ ಪಾದರಕ್ಷೆಯಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವನ್ನೆಲ್ಲ ಸುತ್ತಿಬಂದುದು ನಿಮಗೆ ನೆನಪಿರಬಹುದು. ಆಗ ಅವರನ್ನು ಕ್ರೀಡಾಂಗಣದ ಓಟಕ್ಕೂ ಕರೆದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಅಂಗಣದ ಓಟದಲ್ಲಿ ಕಾಲ್ಬೆರಳುಗಳ ಕೆಲಸ ಹೆಚ್ಚು ಎಂಬರ್ಥದ ಮಾತನ್ನು ಅವರು ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂದಿತ್ತು. ಎಷ್ಟು ಅನುಭವದ ಮಾತು! ಓಟಗಾರನ ಹಿಮ್ಮಡಿ ಎಂದರೆ ಬಂಡಿಯ ಅಚ್ಚು ಇದ್ದಂತೆ. ಅದು ಸೀಳಿದರೆ ಎತ್ತು ಎಷ್ಟು ಬಲಿಷ್ಠವಾಗಿದ್ದರೂ ಬಂಡಿ ನಡೆಯದು.

ಕೆಸರಿನಲ್ಲಿ ನೆನೆಯುವ ಕಾಲು ಒಡೆಯುವುದೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಣ್ಣರೆಪ್ಪೆಯ ಹೊರಚರ್ಮದ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟು. ಅಂಗಾಲಿನದು ಸುಮಾರು ಒಂದೂವರೆ ಮಿಲಿಮೀಟರು. ಬರಿಗಾಲಲ್ಲಿ ನಡೆದಷ್ಟೂ, ಓಡಿದಷ್ಟೂ ಅದು ಇನ್ನೂ ದಪ್ಪವಾಗಿ ಜಡ್ಡುಗಟ್ಟುತ್ತದೆ. ಇದು ದೇಹವು ತಾನೇ ಹೊಲಿದುಕೊಂಡ ಪಾದರಕ್ಷೆ. ಆದರೆ ಒಂದು ಕೊರತೆಯಿದೆ. ಮೈಯ ಬೇರೆ ಭಾಗದ ಚರ್ಮದಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳಿವೆ. ಅಂಗಾಲಿನಲ್ಲಿ ಅವು ಇಲ್ಲ, ಬೆವರಿನ ಗ್ರಂಥಿಗಳು ಮಾತ್ರ. ಕೆಸರುನೀರಿನಲ್ಲಿ ನೆನೆದಾಗ ಚರ್ಮ ಉಬ್ಬುತ್ತದೆ, ತೇವವನ್ನು ಹಿಡಿದಿಡುವ ಅದರ ಸಹಜ ಸತ್ತ್ವ ತೊಳೆದುಹೋಗುತ್ತದೆ. ಮೇಲೆ ಬಂದು ಗಾಳಿಗೊಡ್ಡಿದಾಗ ಮೊದಲಿಗಿಂತಲೂ ಹೆಚ್ಚು ಒಣಗಿ ಕುಗ್ಗುತ್ತದೆ. ಕೊಯ್ಲಾದ ಗದ್ದೆಯ ಕೆಸರು ಬಿಸಿಲಿಗೆ ಬಾಯಿಬಿಡುವುದು ಹೀಗೆಯೇ ಅಲ್ಲವೆ?

ಇನ್ನೊಂದು ಕಾರಣವೂ ಉಂಟು. ಹಿಮ್ಮಡಿಯೊಳಗೆ ಕೊಬ್ಬಿನ ಒಂದು ಮೆತ್ತೆಯಿದೆ. ಓಡುವಾಗ ನೆಲಕ್ಕೂ ಕಾಲಿಗೂ ನಡುವೆ ಬೀಳುವ ಒತ್ತಡ ದೇಹದ ತೂಕದ ಎರಡು ಮೂರು ಪಟ್ಟಾಗುತ್ತದೆ. ಆ ಏಟಿಗೆ ಮೆತ್ತೆ ಪಕ್ಕಗಳಿಗೆ ಹರಡಿ ಹಿಮ್ಮಡಿಯ ಅಂಚನ್ನು ಹಿಗ್ಗಿಸುತ್ತದೆ. ಚರ್ಮ ಮೆದುವಾಗಿದ್ದರೆ ತಾನೂ ಹಿಗ್ಗುತ್ತದೆ, ಒಣಗಿದ್ದರೆ ಸೀಳುತ್ತದೆ. ಅಡಕೆಯ ಹಾಳೆಯನ್ನು ನೋಡಿರಿ. ಹಸಿಯಿದ್ದಾಗ ಹೇಗೆ ಬೇಕಾದರೂ ಬಾಗುತ್ತದೆ. ಒಣಗಿದ ಮೇಲೆ ಬಾಗಿಸಹೊರಟರೆ ಬಿರಿಯುತ್ತದೆ. ಅದಕ್ಕೆಂದೇ ಹಾಳೆಯ ತಟ್ಟೆ ಮಾಡುವವರು ಅದನ್ನು ನೀರಿನಲ್ಲಿ ನೆನೆಸಿಯೇ ಅಚ್ಚಿಗೊಡ್ಡುತ್ತಾರೆ. ಆದಕಾರಣ ಬರಿಗಾಲ ಓಟಗಾರನು ನೆನಪಿಡತಕ್ಕ ಮಾತು ಒಂದೇ: ಜಡ್ಡು ಬೇಕು, ಆದರೆ ಆ ಜಡ್ಡು ಬಾಗುವಂತಿರಬೇಕು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಸುಶ್ರುತನು ಕ್ಷುದ್ರರೋಗಗಳ ಪ್ರಕರಣದಲ್ಲಿ ಇದನ್ನು 'ಪಾದದಾರಿ' ಎಂದು ಕರೆದು, ಸದಾ ನಡೆದಾಡುವವರ ಒಣಗಿದ ಪಾದಗಳಲ್ಲಿ ಇದು ಹುಟ್ಟುತ್ತದೆಂದಿದ್ದಾನೆ. ದಾರಿ ಎಂದರೆ ಸೀಳು. ನಡೆಯುವ ದಾರಿಯೇ ಕಾಲಿನಲ್ಲಿ ದಾರಿ ಮಾಡುತ್ತದೆ ಎಂದು ನಮ್ಮ ಕನ್ನಡದಲ್ಲಿ ಒಂದು ಶ್ಲೇಷೆಯನ್ನೇ ಕಟ್ಟಬಹುದು. ಚರಕಸಂಹಿತೆಯು ದಿನಚರ್ಯೆಯನ್ನು ಹೇಳುವಾಗ, ಪಾದಗಳಿಗೆ ಎಣ್ಣೆ ಹಚ್ಚಿಕೊಳ್ಳುವವನಿಗೆ ಒರಟುತನವೂ ಬಿರುಕೂ ಬಾರವೆಂದು ಹೇಳುತ್ತದೆ. ಹೆಸರು ಕ್ಷುದ್ರರೋಗವಾದರೂ ಪರಿಣಾಮ ಯಾವಾಗಲೂ ಕ್ಷುದ್ರವಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಚಿಕಿತ್ಸೆ. ಅದರಲ್ಲಿ ಮೂರೇ ಕೆಲಸಗಳು: ನೆನೆಸುವುದು, ಉಜ್ಜುವುದು, ಮುಚ್ಚುವುದು.

ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲನ್ನು ಇಡಬೇಕು. ರೇಡಿಯೋದಲ್ಲಿ ವಾರ್ತೆಯನ್ನು ಕೇಳುತ್ತ ಕುಳಿತರೆ ಸಮಯ ಹೋದುದೇ ತಿಳಿಯದು. ಬಹಳ ಬಿಸಿ ಬೇಡ, ಬಹಳ ಹೊತ್ತೂ ಬೇಡ. ಎರಡೂ ಚರ್ಮವನ್ನು ಒಣಗಿಸುತ್ತವೆ. ಬಳಿಕ ವಾರಕ್ಕೆ ಎರಡು ಮೂರು ಸಲ, ಮೆದುವಾದ ಜಡ್ಡನ್ನು ಅಂಗಡಿಯಲ್ಲಿ ಸಿಗುವ ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಉಜ್ಜಬೇಕು. ಬಿರುಕಿನ ಎರಡು ದಡಗಳಲ್ಲಿ ಎದ್ದುನಿಂತ ಒಣ ಅಂಚನ್ನು ತಗ್ಗಿಸಿದರೆ ಸಾಕು. ಓಟಗಾರನು ಜಡ್ಡನ್ನೆಲ್ಲ ಕಿತ್ತುಹಾಕಿದರೆ ತನ್ನ ಬೂಟನ್ನು ತಾನೇ ಬಿಸಾಡಿದಂತೆ. ರಕ್ತ ಒಸರುವ ಬಿರುಕಿದ್ದರೆ, ಅದು ಕೂಡುವವರೆಗೆ ಉಜ್ಜುವುದೇ ಬೇಡ.

ಆಮೇಲೆ ಬೆರಳುಗಳ ಸಂದನ್ನು ಚೆನ್ನಾಗಿ ಒರೆಸಿ, ಹಿಮ್ಮಡಿಯಲ್ಲಿ ಇನ್ನೂ ತೇವವಿರುವಾಗಲೇ ಜಿಡ್ಡನ್ನು ಹಚ್ಚಬೇಕು. ಗುಟ್ಟು ಇರುವುದು ಇಲ್ಲಿಯೇ. ಎಣ್ಣೆಯು ನೀರನ್ನು ಒಳಗೆ ತರುವುದಿಲ್ಲ. ಒಳಗಿರುವ ನೀರು ಹಾರಿಹೋಗದಂತೆ ಬಾಗಿಲು ಹಾಕುತ್ತದೆ. ಒಣಗಿದ ಮೇಲೆ ಹಚ್ಚಿದರೆ ಬರಿಯ ಮನೆಗೆ ಬೀಗ ಹಾಕಿದಂತೆ. ಪೆಟ್ರೋಲಿಯಂ ಜೆಲ್ಲಿ ಆಗಬಹುದು, ಕೊಬ್ಬರಿ ಎಣ್ಣೆ ಆಗಬಹುದು. ನಮ್ಮ ಕರಾವಳಿಯದೇ ಆದ ಒಂದು ಮದ್ದೂ ಇದೆ. ಪುನರ್ಪುಳಿಯ ಬೀಜದ ತುಪ್ಪ, ಉತ್ತರ ಕನ್ನಡದವರು ಹೇಳುವ ಮುರುಗಲ ತುಪ್ಪ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಆರಿದ ಮೇಲೆ ತೆಗೆದು ಉಂಡೆಕಟ್ಟುತ್ತಾರೆ. ಸುಮಾರು ೪೦ ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಗಟ್ಟಿಯಾಗಿಯೇ ಇರುವುದರಿಂದ, ಬಿರುಕಿನಲ್ಲಿ ಕೊಬ್ಬರಿ ಎಣ್ಣೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಜಡ್ಡು ತೀರಾ ದಪ್ಪವಾಗಿದ್ದರೆ ಔಷಧದಂಗಡಿಯಲ್ಲಿ ನೂರಕ್ಕೆ ೧೦ರಿಂದ ೨೫ರಷ್ಟು ಯೂರಿಯಾ ಇರುವ ಮುಲಾಮು ದೊರೆಯುತ್ತದೆ. ಯೂರಿಯಾ ತೇವವನ್ನು ಹಿಡಿದಿಡುವುದಲ್ಲದೆ ಜಡ್ಡನ್ನೂ ಮೆದುಮಾಡುತ್ತದೆ. ತೆರೆದ ಗಾಯದ ಮೇಲೆ ಅದು ಉರಿಯುತ್ತದೆ. ಹೊಲಕ್ಕೆ ಹಾಕುವ ಯೂರಿಯಾವನ್ನಂತೂ ಯಾರೂ ಕಾಲಿಗೆ ಹಚ್ಚಬಾರದು. ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ತೊಟ್ಟು ಮಲಗಿದರೆ ಹಾಸಿಗೆಯೂ ಕೊಳೆಯಾಗದು, ನೆಲದ ಮೇಲೆ ಕಾಲೂ ಜಾರದು.

ಬಿರುಕು ಆಳವಾಗಿದ್ದರೆ ಗಾಯವನ್ನು ಸಾಬೂನಿನಿಂದ ತೊಳೆದು, ದಡಗಳು ಒಂದಕ್ಕೊಂದು ಸೇರುವಂತೆ ಅಂಟುಪಟ್ಟಿ ಹಾಕಿ, ಅದು ಕೂಡುವವರೆಗೆ ಓಟವನ್ನು ನಿಲ್ಲಿಸಬೇಕು. ನಡೆಯುವಾಗ ಹಿಂಬದಿ ಮುಚ್ಚಿದ ಮೆತ್ತನೆಯ ಪಾದರಕ್ಷೆ ಬೇಕು.

ಮಾಡಬಾರದ ಕೆಲಸಗಳೂ ಕೆಲವಿವೆ. ಬ್ಲೇಡಿನಿಂದ ಜಡ್ಡನ್ನು ಹೆರೆಯಬಾರದು. ಬಿರುಕಿಗೆ ಸುಣ್ಣ ಮೆತ್ತಬಾರದು. ಉರಿಯುವ ಮೇಣದ ಬತ್ತಿಯಿಂದ ಬಿಸಿಮೇಣವನ್ನು ತೊಟ್ಟಿಕ್ಕಿಸಬಾರದು. ಸೀಳಿನ ಮೇಲೆ ಸುಟ್ಟಗಾಯವೂ ಆಗುತ್ತದೆ. ಒಡೆದ ಆಟಿಗೆಯನ್ನು ಅಂಟಿಸುವ ಗೋಂದಿನಿಂದ ಕಾಲನ್ನು ಅಂಟಿಸುವವರೂ ಉಂಟು. ಒಳಗೆ ಕೊಳೆ ಸೇರಿಸಿ ಮೇಲೆ ಮುಚ್ಚಳ ಹಾಕಿದ ಹಾಗೆ ಅದು.

ಈಗ ನಾನು ಮುಂದೂಡಿದ ಮಾತಿಗೆ ಬರುತ್ತೇನೆ. ಬಿರುಕೆಂದರೆ ನೋವು ಮಾತ್ರವಲ್ಲ, ಅದೊಂದು ತೆರೆದ ಬಾಗಿಲು. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಧನುರ್ವಾಯುವಿನ ಬೀಜಾಣುಗಳು ಇರುತ್ತವೆ. ಅದಕ್ಕೆ ಲಸಿಕೆಯುಂಟು. ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಟಿಡಿ ಚುಚ್ಚುಮದ್ದು ಕೊಡುತ್ತಾರೆ. ಓಡುವ ಮಕ್ಕಳಿಗೆ ಅದು ತಪ್ಪಬಾರದು. ಇನ್ನೊಂದು ಇಲಿಜ್ವರ. ನಮ್ಮ ಕರಾವಳಿಗೆ ಇದು ಅಪರಿಚಿತವಲ್ಲ, ಮಳೆಗಾಲದಲ್ಲಿ ಹೆಚ್ಚು. ಇಲಿಗಳ ಮತ್ತು ದನಕರುಗಳ ಮೂತ್ರದಿಂದ ಗದ್ದೆಯ ನೀರಿಗೆ ಸೇರಿದ ಸೂಕ್ಷ್ಮಜೀವಿಗಳು ಒಡೆದ ಚರ್ಮದ ಮೂಲಕ ಒಳಹೊಗುತ್ತವೆ. ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರವಾದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳುತ್ತವೆ. ಓಡುವವನು ಮೀನಖಂಡದ ನೋವನ್ನು ಓಟದ ಆಯಾಸವೆಂದು ಬಗೆದು ಸುಮ್ಮನಿದ್ದುಬಿಡುವ ಅಪಾಯವಿದೆ. ಬೇಗ ಹಿಡಿದರೆ ಸಾಮಾನ್ಯ ಔಷಧಿಗಳಿಂದಲೇ ಗುಣವಾಗುವ ಈ ಬೇನೆ, ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಿ ಪ್ರಾಣಕ್ಕೆ ಬರುತ್ತದೆ. ಕೆಸರಿಗಿಳಿದವನಿಗೆ ಜ್ವರ ಬಂದರೆ, "ನಾನು ಗದ್ದೆಗೆ ಇಳಿದಿದ್ದೆ" ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಬೇಕು. ಕಾಲು ಒಡೆದಿರುವಾಗ ಕೆಸರಿಗೆ ಇಳಿಯದಿರುವುದೇ ಲೇಸು.

ಕೀವು, ಬಾವು, ಮೇಲಕ್ಕೆ ಹಬ್ಬುವ ಕೆಂಪು ಇವು ಕಂಡರೆ ಮನೆಮದ್ದನ್ನು ಬಿಟ್ಟು ಆಸ್ಪತ್ರೆಗೆ ಹೋಗಿರಿ. ಬೆರಳ ಸಂದಿನಲ್ಲಿ ತುರಿಕೆ, ಬಿಳಿಯ ಸಿಪ್ಪೆ ಇದ್ದರೆ ಅದು ಬೂಷ್ಟಿನ ರೋಗವಿರಬಹುದು, ಎಣ್ಣೆಯಿಂದ ಹೋಗದು. ಎಲ್ಲಕ್ಕಿಂತ ಹೆಚ್ಚಾಗಿ, ಬಿರುಕು ಆಳವಾಗಿದ್ದೂ ನೋವಿಲ್ಲದಿದ್ದರೆ ಸಮಾಧಾನಪಡಬೇಡಿರಿ. ಸಕ್ಕರೆ ಕಾಯಿಲೆಯಲ್ಲಿಯೂ ಕುಷ್ಠರೋಗದಲ್ಲಿಯೂ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ನೋವು ಎಂಬ ಕಾವಲುಗಾರ ನಿದ್ರೆಹೋದ ಮನೆ ಅದು. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ ಅವರ ಕಾಲನ್ನು ಮಕ್ಕಳು ದಿನವೂ ನೋಡಬೇಕು. ಬಿಸಿನೀರು, ಉಜ್ಜುಗಲ್ಲು ಯಾವುದನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಬಿರುಕು ಬಾರದಂತೆ ಮಾಡುವುದು ಇದಕ್ಕಿಂತ ಸುಲಭ. ಓಟ ಮುಗಿದೊಡನೆ ಕೆಸರು ಒಣಗುವ ಮೊದಲೇ ಕಾಲು ತೊಳೆಯುವುದು, ಒರೆಸುವುದು, ತೆಳುವಾಗಿ ಎಣ್ಣೆ ಸವರುವುದು, ರಾತ್ರಿ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು. ಬೂಟಿಗೆ ಒಗ್ಗಿದ ಮಕ್ಕಳು ಒಂದೇ ದಿನದಲ್ಲಿ ಬರಿಗಾಲಿಗೆ ಇಳಿಯಬಾರದು. ಮೊದಲು ಸ್ವಲ್ಪ ದೂರ, ವಾರಗಳು ಕಳೆದಂತೆ ಇನ್ನಷ್ಟು. ದೀಪಾವಳಿ ಕಳೆದು ಹವೆ ಒಣಗುವ ತಿಂಗಳುಗಳಲ್ಲಿಯೇ ಕಂಬಳಗಳು ನಡೆಯುವುದರಿಂದ, ಆಗ ಎಚ್ಚರ ಇಮ್ಮಡಿಯಾಗಬೇಕು.

ಬರಿಗಾಲಿನಲ್ಲಿ ಓಡುವುದೇ ಪೌರುಷವೆಂದೂ ಬೂಟು ತೊಡುವುದು ನಾಜೂಕೆಂದೂ ತಿಳಿದವರಿಗೆ ಒಂದು ನಿದರ್ಶನವನ್ನು ಹೇಳಿ ಮುಗಿಸುತ್ತೇನೆ. ಇಥಿಯೋಪಿಯದ ಅಬೆಬೆ ಬಿಕಿಲ ೧೯೬೦ರಲ್ಲಿ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಿನಲ್ಲಿ ಓಡಿ ಗೆದ್ದ. ನಾಲ್ಕು ವರ್ಷಗಳ ಬಳಿಕ ಟೋಕಿಯೋದಲ್ಲಿ ಬೂಟು ತೊಟ್ಟು ಓಡಿದ, ಅಲ್ಲಿಯೂ ಗೆದ್ದ. ಗೆದ್ದುದು ಬೂಟೂ ಅಲ್ಲ, ಬರಿಗಾಲೂ ಅಲ್ಲ, ಆರೋಗ್ಯವಾಗಿದ್ದ ಕಾಲು. ನಿಮ್ಮ ಮಗನೋ ಮಗಳೋ ನಾಳೆ ಬಂದು ಒಡೆದ ಹಿಮ್ಮಡಿಯನ್ನು ತೋರಿಸಿದರೆ, ನಾನು ಅಂದು ಹೇಳಿದ ಮಾತನ್ನು ನೀವು ಹೇಳಬೇಡಿರಿ. ಬೆಚ್ಚಗಿನ ನೀರನ್ನು ತರಲು ಹೇಳಿರಿ.