ಕಲ್ಕುಡನ ಎಡಗೈ

ಕಾರ್ಕಳದ ಹೆಮ್ಮೆಯ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಅರಸರಿಂದ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, 1586ರಲ್ಲಿ ಇಮ್ಮಡಿ ಭೈರವ ಕಟ್ಟಿಸಿದ ಚತುರ್ಮುಖ ಬಸದಿ, ಹಿರಿಯಂಗಡಿಯ ಮಾನಸ್ತಂಭ. ಗೊಮ್ಮಟನ ಬದಿಯ ಶಾಸನ ಅರಸನನ್ನು ಹೆಸರಿಸುತ್ತದೆ, ಅವನ ಗುರು ಲಲಿತಕೀರ್ತಿಯನ್ನು ನೆನೆಯುತ್ತದೆ. ಉಳಿ ಹಿಡಿದವನು ಯಾರೆಂದು ತಿಳಿಯಬೇಕಾದರೆ ಗುಡ್ಡ ಇಳಿದು ತುಳುವಿನ ಜನಪದ ಕಥನಗೀತೆಯಾದ ಪಾಡ್ದನಕ್ಕೆ ಕಿವಿಗೊಡಬೇಕು. ಈ ಎರಡನ್ನೂ ಒಟ್ಟಿಗೆ ಓದದೆ ಊರಿನ ಅಭಿಮಾನ ಪೂರ್ತಿಯಾಗದು ಎಂಬುದು ನನ್ನ ವಾದ.

ಪಾಡ್ದನದ ಪ್ರಕಾರ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ. ಇಂಥದ್ದು ಇನ್ನೊಂದೂರಲ್ಲಿ ಆಗಕೂಡದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಸುಮ್ಮನೆ ಕೂರಲಿಲ್ಲ. ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಲ್ಲಿ ಇನ್ನೊಬ್ಬ ಗೊಮ್ಮಟನನ್ನು ಕೆತ್ತಿದ. ಕೊನೆಗೆ ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಅದೇ ಅರಸನ ಬೀಡನ್ನು ಕಾಡಿದ. ಇದು ಇತಿಹಾಸವಲ್ಲ ಎಂಬ ಆಕ್ಷೇಪ ಸರಿಯೇ. ವೇಣೂರಿನ 35 ಅಡಿಯ ಮೂರ್ತಿ ತಿಮ್ಮಣ್ಣ ಅಜಿಲನ ಕಾಲದ್ದು, 1604ರದ್ದು. ನಡುವೆ 172 ವರ್ಷದ ಅಂತರ. ಯಾವ ಶಿಲ್ಪಿಯ ಆಯುಸ್ಸೂ ಅಷ್ಟು ಚಾಚದು. ಆದರೆ ವೇಣೂರಿನಲ್ಲಿ ಗೊಮ್ಮಟ ಏಳುವುದು ಕಾರ್ಕಳದ ಅರಸನಿಗೆ ಸೇರಲಿಲ್ಲ, ಅದಕ್ಕಾಗಿ ಜಗಳವೇ ಆಯಿತು ಎಂಬ ಐತಿಹ್ಯ ಪಾಡ್ದನದ ಹೊರಗೂ ಇದೆ. ಪಾಡ್ದನ ಇಸವಿ ತಪ್ಪಿರಬಹುದು, ಹೊಟ್ಟೆಕಿಚ್ಚನ್ನು ಗುರುತಿಸುವುದರಲ್ಲಿ ತಪ್ಪಿದಂತಿಲ್ಲ. ಶಾಸನವಾದರೂ ಬರೆಸಿದವನ ಮಾತೇ ತಾನೆ?

ಹೆಮ್ಮೆಯ ಹೊತ್ತಿನಲ್ಲಿ ಕೈ ಕಡಿದ ಕತೆ ಏಕೆ, ಊರಿಗೆ ಕೆಟ್ಟ ಹೆಸರಲ್ಲವೇ ಎನ್ನುವವರಿದ್ದಾರೆ. ಅದನ್ನು ಮರೆಯಲು ತುಳುನಾಡೇ ಒಪ್ಪಿಲ್ಲ. ಅರಸನ ಬೀಡಿಗೆ ದೀಪ ಹಚ್ಚುವವರಿಲ್ಲ. ಕಲ್ಕುಡ-ಕಲ್ಲುರ್ಟಿಗೆ ಇಂದಿಗೂ ಕೋಲವೆಂಬ ದೈವಾರಾಧನೆ ನಡೆಸುತ್ತಾರೆ. ಅನ್ಯಾಯಕ್ಕೊಳಗಾದವನನ್ನೇ ದೈವವಾಗಿ ನಂಬುವುದು ಊರಿನ ಮಾನ ಕಳೆಯುವ ಸಂಗತಿಯಲ್ಲ. ಜೊತೆಗೆ, ಆ ಕತೆಯ ಅರಸ ತಡೆಯಲು ಹೊರಟದ್ದನ್ನು ಮುಂದೆ ಕಾರ್ಕಳವೇ ಮಾಡಿ ತೋರಿಸಿತು. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಕಡೆದದ್ದು ಇಲ್ಲಿಯ ಕಲ್ಲಿನಲ್ಲಿ, ಇಲ್ಲೇ. ನೂರು ಟನ್ನಿಗೂ ಮಿಕ್ಕಿದ ಆ ಮೂರ್ತಿ 1973ರಲ್ಲಿ ಬಹುಚಕ್ರದ ಟ್ರಾಲಿಯೇರಿ ಊರು ದಾಟಿತು. ಹಿಂದೊಮ್ಮೆ ಇನ್ನೊಂದೂರಿಗೆ ಗೊಮ್ಮಟ ಬೇಡವೆಂದು ಕೈ ಕಡಿಸಿತು ಎನ್ನುವ ಊರು ಈ ಬಾರಿ ದಾರಿಯುದ್ದಕ್ಕೂ ನಿಂತು ಕೈಮುಗಿದು ಕಳಿಸಿಕೊಟ್ಟಿತು.